ಚೊಚ್ಚಲ ಕೂಸು ಉಳಿಯಿತು, ಆಮೇಲಿನವು ಯಾಕೆ ಉಳಿಯಲಿಲ್ಲ?

ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಶಿ. ಬಯಲುಸೀಮೆಯ ಊರುಗಳಲ್ಲಿ ಈ ಹೆಸರಿನ ಹಿರಿಯರು ಈಗಲೂ ಸಿಗುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಇಟ್ಟ ಹೆಸರುಗಳು ಬಹಳ ಇವೆ. ಆದರೆ ಕೆಲವು ಮನೆಗಳಲ್ಲಿ ಆ ಹೆಸರಿನ ಹಿಂದೆ ಒಂದು ಸಂಕಟ ಇದೆ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಕಣ್ಣು ಮುಚ್ಚುತ್ತಿದ್ದಾಗ, ಇದಾದರೂ ಉಳಿಯಲಿ ಎಂದು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು, ಜವರಾಯನಿಗೂ ಬೇಡವಾಗುವಂಥ ಹೆಸರಿಡುತ್ತಿದ್ದರು.

ಆಗ ಎಳೆಗೂಸುಗಳು ಸಾಯಲು ನೂರು ಕಾರಣಗಳಿದ್ದವು. ಧನುರ್ವಾಯು, ವಾಂತಿಭೇದಿ, ಸಿಡುಬು, ಹಸಿವು. ಆದರೆ ಅಜ್ಜಿಯರು ಹೇಳುವ ಕೆಲವು ಕಥೆಗಳಲ್ಲಿ ಸಾವಿಗೊಂದು ಕ್ರಮ ಕಾಣುತ್ತದೆ. ಚೊಚ್ಚಲ ಮಗು ಗುಂಡುಕಲ್ಲಿನಂತೆ ಬೆಳೆಯಿತು. ಎರಡನೆಯದು ಹುಟ್ಟಿದ ದಿನವೇ ಅರಿಶಿನದ ಬಣ್ಣಕ್ಕೆ ತಿರುಗಿ, ಮೂರನೇ ದಿನ ಬಿಲ್ಲಿನಂತೆ ಬೆನ್ನು ಬಾಗಿಸಿ ಹೋಯಿತು. ಮೂರನೆಯದು ಮೈಯೆಲ್ಲ ನೀರು ತುಂಬಿಕೊಂಡು ಹೊಟ್ಟೆಯಲ್ಲೇ ಸತ್ತಿತ್ತು. ನಾಲ್ಕನೆಯದೂ ಹಾಗೆಯೇ. ನಾಗದೋಷ ಎಂದರು, ದೃಷ್ಟಿ ಎಂದರು, ಕೊನೆಗೆ ಆ ಹೆಣ್ಣುಮಗಳ ಕಾಲ್ಗುಣ ಎಂದರು. ಅಂಥ ಎಲ್ಲ ಮನೆಗಳ ದುಃಖಕ್ಕೂ ಕಾರಣ ಒಂದೇ ಎನ್ನಲಾಗದು. ಆದರೆ ಮೊದಲನೆಯದನ್ನು ಬಿಟ್ಟು ಆಮೇಲಿನವನ್ನು ಹಿಡಿಯುವ, ಸಲದಿಂದ ಸಲಕ್ಕೆ ಬಿರುಸಾಗುವ ಒಂದು ಕಾಯಿಲೆ ಇದೆ. ಅದು ತಾಯಿಯ ಮತ್ತು ಕೂಸಿನ ರಕ್ತದ ಆರ್‌ಎಚ್ ಹೊಂದಾಣಿಕೆ ಇಲ್ಲದಿರುವುದು. ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಮಾತಿನಲ್ಲಿ ಹೇಳುವುದಾದರೆ, ‘ತಾಯಿದು ನೆಗೆಟಿವ್ ರಕ್ತ’.

ರಕ್ತದ ಗುಂಪು ನೋಡುವುದನ್ನು ಒಮ್ಮೆ ಹತ್ತಿರದಿಂದ ಗಮನಿಸಿ. ಬೆರಳಿಗೆ ಸೂಜಿ ಚುಚ್ಚಿ, ಬಿಳಿ ಟೈಲಿನ ಮೇಲೋ ಗಾಜಿನ ಪಟ್ಟಿಯ ಮೇಲೋ ಮೂರು ಕಡೆ ಒಂದೊಂದು ಹನಿ ರಕ್ತ ಇಡುತ್ತಾರೆ. ಮೂರು ಪುಟ್ಟ ಸೀಸೆಗಳಿಂದ ಮೂರು ದ್ರವಗಳ ಹನಿ ಬೀಳುತ್ತದೆ. ಒಂದು ನೀಲಿ, ಒಂದು ಹಳದಿ, ಒಂದಕ್ಕೆ ಬಣ್ಣವೇ ಇಲ್ಲ. ಕಡ್ಡಿಯಿಂದ ಕಲಸಿ ಟೈಲನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸುತ್ತಾರೆ. ನೀಲಿ ಬಿದ್ದ ಕಡೆ ರಕ್ತ ಒಡೆದ ಹಾಲಿನಂತೆ ಕಾಳುಕಾಳಾದರೆ ‘ಎ’, ಹಳದಿ ಬಿದ್ದ ಕಡೆ ಆದರೆ ‘ಬಿ’, ಎರಡೂ ಕಡೆ ಆದರೆ ‘ಎಬಿ’, ಎಲ್ಲೂ ಆಗದಿದ್ದರೆ ‘ಓ’. ಬಣ್ಣವಿಲ್ಲದ ಮೂರನೇ ಹನಿ ‘ಡಿ’ ಎಂಬ ಅಂಶ ಕೆಂಪುಕಣದ ಮೈಮೇಲೆ ಇದೆಯೋ ಇಲ್ಲವೋ ಹೇಳುತ್ತದೆ. ಕಾಳಾದರೆ ಪಾಸಿಟಿವ್. ನಯವಾಗಿ, ಕೆಂಪು ನೀರಿನಂತೆ ಹಾಗೇ ಉಳಿದರೆ ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದಾರು ಮಂದಿಗೆ ಅದು ನಯವಾಗಿ ಉಳಿಯುತ್ತದೆ. ಯುರೋಪಿನ ಮೂಲದವರಲ್ಲಿ ನೂರಕ್ಕೆ ಹದಿನೈದು. ಚೀನಾದಲ್ಲಿ ಒಬ್ಬರೂ ಸಿಗುವುದು ಕಷ್ಟ.

ನಮ್ಮಲ್ಲಿ ನೆಗೆಟಿವ್ ಕಡಿಮೆ ಎಂಬುದು ಸಮಾಧಾನದ ಮಾತಲ್ಲ. ನೆಗೆಟಿವ್ ಹೆಣ್ಣಿಗೆ ನೆಗೆಟಿವ್ ಗಂಡ ಸಿಗುವ ಸಂಭವವೂ ಅಷ್ಟೇ ಕಡಿಮೆ. ಅಂದರೆ ಇಲ್ಲಿ ನೆಗೆಟಿವ್ ರಕ್ತದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರ ಗಂಡಂದಿರೂ ಪಾಸಿಟಿವ್. ಜೊತೆಗೆ, ಬೇಕಾದ ಹೊತ್ತಿಗೆ ರಕ್ತನಿಧಿಯ ಫ್ರಿಜ್ಜಿನಲ್ಲಿ ನೆಗೆಟಿವ್ ಚೀಲ ಇರುವುದು ಅಪರೂಪ.

ಹಾಗೆಂದು ನೆಗೆಟಿವ್ ಎಂಬುದು ರೋಗವಲ್ಲ, ಊನವಲ್ಲ. ಒಂದು ಪ್ರೊಟೀನು ಇಲ್ಲ, ಅಷ್ಟೇ. ಹೆಣ್ಣು ನೋಡಲು ಬಂದವರು ‘ನೆಗೆಟಿವ್ ಅಂತೆ’ ಎಂದು ಪಿಸುಗುಟ್ಟಿ ಎದ್ದುಹೋಗುವುದು ಅನ್ಯಾಯ. ಗಂಡಹೆಂಡತಿಯದು ಒಂದೇ ಗುಂಪಾದರೆ ಮಕ್ಕಳಿಗೆ ತೊಂದರೆ ಎಂಬ ಇನ್ನೊಂದು ನಂಬಿಕೆಯೂ ಓಡಾಡುತ್ತದೆ. ಅದು ಶುದ್ಧ ಸುಳ್ಳು. ಇಬ್ಬರದೂ ನೆಗೆಟಿವ್ ಆಗಿದ್ದರೆ ಈ ಚಿಂತೆಯೇ ಇಲ್ಲ. ತೊಂದರೆಯ ದಾರಿ ಒಂದೇ: ತಾಯಿ ನೆಗೆಟಿವ್ ಇದ್ದು, ತಂದೆಯಿಂದ ‘ಡಿ’ ಪಡೆದ ಕೂಸು ಪಾಸಿಟಿವ್ ಆಗುವುದು.

ಒಂಬತ್ತು ತಿಂಗಳು ತಾಯಿ ಮತ್ತು ಕೂಸಿನ ರಕ್ತ ಅಕ್ಕಪಕ್ಕದಲ್ಲೇ ಹರಿದರೂ ಮಾಸು ಎರಡನ್ನೂ ಬೇರೆಬೇರೆಯಾಗಿ ಇಟ್ಟಿರುತ್ತದೆ. ಹೆಚ್ಚಾಗಿ ಹೆರಿಗೆಯ ಗಳಿಗೆಯಲ್ಲಿ, ಮಾಸು ಗರ್ಭಕೋಶದಿಂದ ಬಿಡಿಸಿಕೊಳ್ಳುವಾಗ, ಕೆಲವೊಮ್ಮೆ ಬಸಿರು ಇಳಿದಾಗ ಅಥವಾ ಬಸಿರಿನ ಕೊನೆಯ ತಿಂಗಳುಗಳಲ್ಲೂ, ಕೂಸಿನ ಒಂದಿಷ್ಟು ರಕ್ತ ತಾಯಿಯ ಮೈಗೆ ಸೇರುತ್ತದೆ. ಎಷ್ಟೋ ಸಲ ಅರ್ಧ ಚಮಚವೂ ಇರುವುದಿಲ್ಲ. ತಾಯಿಯ ದೇಹ ‘ಡಿ’ಯನ್ನು ಹಿಂದೆಂದೂ ಕಂಡಿಲ್ಲ. ಹೊರಗಿನವನು ಬಂದ ಎಂದು ಅದರ ವಿರುದ್ಧ ಪ್ರತಿಕಾಯ ತಯಾರಿಸಲು ತೊಡಗುತ್ತದೆ. ಅದಕ್ಕೆ ವಾರಗಳು ಬೇಕು. ಅಷ್ಟರಲ್ಲಿ ಚೊಚ್ಚಲ ಮಗು ತೊಟ್ಟಿಲಲ್ಲಿ ಮಲಗಿರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಆದರೆ ದೇಹ ಆ ಗುರುತನ್ನು ಮರೆಯುವುದಿಲ್ಲ. ಮತ್ತೊಂದು ಪಾಸಿಟಿವ್ ಕೂಸು ಹೊಟ್ಟೆಗೆ ಬಂದಾಗ ಈ ಸಲ ಬೇಗ ಬೇಗ, ರಾಶಿರಾಶಿಯಾಗಿ ಪ್ರತಿಕಾಯಗಳು ಹುಟ್ಟುತ್ತವೆ. ಮಾಸನ್ನು ದಾಟಿಹೋಗಬಲ್ಲವು ಅವು. ಕೂಸಿಗೆ ರೋಗನಿರೋಧಕ ಶಕ್ತಿ ಕೊಡಲೆಂದು ಪ್ರಕೃತಿ ತೆರೆದಿಟ್ಟ ಬಾಗಿಲಿನಿಂದಲೇ ಒಳಹೊಕ್ಕು ಕೂಸಿನ ಕೆಂಪುಕಣಗಳನ್ನು ಒಡೆಯುತ್ತವೆ.

ಒಡೆದ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಬರುತ್ತದೆ. ಹೊಟ್ಟೆಯಲ್ಲಿ ಇರುವಷ್ಟು ದಿನ ಅದನ್ನು ಮಾಸಿನ ಮೂಲಕ ತಾಯಿಯ ಯಕೃತ್ತು ತೆಗೆದುಹಾಕುತ್ತಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ಆ ಸಹಾಯ ನಿಂತುಹೋಗುತ್ತದೆ. ಅದಕ್ಕೇ ಇಂಥ ಕೂಸು ಹುಟ್ಟುವಾಗ ಹಳದಿ ಇರುವುದಿಲ್ಲ, ಬಿಳಿಚಿಕೊಂಡಿರುತ್ತದೆ. ಒಂದೇ ದಿನದೊಳಗೆ ಹಳದಿಯಾಗುತ್ತದೆ. ಮಿತಿಮೀರಿದರೆ ಬಿಲಿರುಬಿನ್ ಮೆದುಳಿಗೆ ಇಳಿಯುತ್ತದೆ. ಕೂಸು ಉಳಿದರೂ ಕಿವಿ ಕೇಳಿಸದೆ, ಕೈಕಾಲು ಸೆಟೆದು ಬದುಕಬೇಕಾಗಬಹುದು. ಆರೋಗ್ಯವಂತ ಕೂಸುಗಳಲ್ಲಿ ಎರಡು ಮೂರನೇ ದಿನ ಕಾಣುವ ಸಾಮಾನ್ಯ ಕಾಮಾಲೆಗೂ ಇದಕ್ಕೂ ಗೆರೆ ಇಲ್ಲೇ ಇದೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಅದು ಎಳೆಬಿಸಿಲಿಗೆ ಹಿಡಿದು ಕಾಯುವ ಹೊತ್ತಲ್ಲ, ಆಸ್ಪತ್ರೆಗೆ ಓಡುವ ಹೊತ್ತು.

ಎಳೆಬಿಸಿಲಿನ ಮಾತು ಬಂದಿದ್ದರಿಂದ ಒಂದು ನಿಜ ಹೇಳಬೇಕು. ನಮ್ಮ ಅಜ್ಜಿಯರ ಊಹೆ ಪೂರ್ತಿ ತಪ್ಪಲ್ಲ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ ಎಳೆಗೂಸುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಒಂದು ಕೂಸಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಜಾಗವಷ್ಟೇ ಕಡು ಹಳದಿ, ಬಿಸಿಲು ಬಿದ್ದ ಕಡೆ ತಿಳಿ ಇರುವುದನ್ನು ಅವರು ವೈದ್ಯರಿಗೆ ತೋರಿಸಿದರು. ಕಿಟಕಿಯ ಬಿಸಿಲಿನಲ್ಲಿ ಮರೆತುಬಿಟ್ಟಿದ್ದ ರಕ್ತದ ಕೊಳವೆಯೊಂದರಲ್ಲೂ ಬಿಲಿರುಬಿನ್ ಇಳಿದಿತ್ತು. ಇಂದು ನವಜಾತ ಶಿಶುಗಳ ಐಸಿಯುನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೀಲಿ ಬೆಳಕಿನಲ್ಲಿ ಮಲಗುವ ಕೂಸುಗಳೆಲ್ಲ ಆ ದಾದಿಯ ಕಣ್ಣಿಗೆ ಋಣಿ. ಆದರೆ ಬೆಳಗಿನ ಬಿಸಿಲಿಗೆ ಅಷ್ಟು ಬಲ ಇಲ್ಲ, ಆರ್‌ಎಚ್ ಕಾಮಾಲೆಯ ವೇಗದ ಮುಂದಂತೂ ಇಲ್ಲವೇ ಇಲ್ಲ.

ಈ ಕಾಯಿಲೆಯನ್ನು 1609ರಲ್ಲೇ ಫ್ರಾನ್ಸಿನ ಸೂಲಗಿತ್ತಿ ಲೂಯಿಸ್ ಬೂರ್ಜ್ವಾ ಬರೆದಿಟ್ಟಿದ್ದಳು. ಅವಳಿ ಕೂಸುಗಳಲ್ಲಿ ಒಂದು ನೀರು ತುಂಬಿ ಸತ್ತಿತು, ಇನ್ನೊಂದು ಹಳದಿಯಾಗಿ ಸತ್ತಿತು ಎಂದು. ಕಾರಣ ತಿಳಿಯಲು ಮುನ್ನೂರು ಚಿಲ್ಲರೆ ವರ್ಷ ಬೇಕಾಯಿತು. ನ್ಯೂಯಾರ್ಕಿನಲ್ಲಿ ಸತ್ತ ಕೂಸನ್ನು ಹೆತ್ತ ತಾಯಿಯೊಬ್ಬಳಿಗೆ ಗಂಡನ ರಕ್ತ ಕೊಟ್ಟರು. ಇಬ್ಬರದೂ ‘ಓ’. ಆದರೂ ಆಕೆ ಸಾಯುವಷ್ಟು ನಡುಗಿದಳು. ಫಿಲಿಪ್ ಲೆವಿನ್ ಮತ್ತು ರುಫಸ್ ಸ್ಟೆಟ್ಸನ್ ಆಕೆಯ ರಕ್ತದ್ರವವನ್ನು ‘ಓ’ ಗುಂಪಿನ 104 ಮಂದಿಯ ರಕ್ತದೊಂದಿಗೆ ಬೆರೆಸಿ ನೋಡಿದಾಗ 80 ಮಂದಿಯದು ಗಂಟುಕಟ್ಟಿತು. ಕೂಸಿನಿಂದ ಬಂದ ಏನನ್ನೋ ತಾಯಿಯ ದೇಹ ವಿರೋಧಿಸುತ್ತಿದೆ ಎಂದು 1939ರಲ್ಲಿ ಅವರು ಬರೆದರು, ಆದರೆ ಅದಕ್ಕೆ ಹೆಸರಿಡಲಿಲ್ಲ. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಕೋತಿಯ ರಕ್ತವನ್ನು ಮೊಲಗಳಿಗೆ ಚುಚ್ಚಿ ಪಡೆದ ದ್ರವದಿಂದ ಅಂಥದ್ದೇ ಫಲ ಕಂಡರು. ರೀಸಸ್‌ನ ಮೊದಲೆರಡು ಅಕ್ಷರ ಹಿಡಿದು ‘ಆರ್‌ಎಚ್’ ಎಂದು ಹೆಸರಾಯಿತು. ನಮ್ಮ ದೇವಸ್ಥಾನಗಳಲ್ಲಿ ಪ್ರಸಾದ ಕಸಿಯುವ, ತಲೆಗೆ ಟೋಪಿ ಇಟ್ಟಂತೆ ಕೂದಲಿರುವ ಮಂಗ ಬೇರೆ. ರೀಸಸ್ ಎಂದರೆ ಉತ್ತರ ಭಾರತದ ಕೆಂಪು ಮೋರೆಯದು. ಕೋತಿಯಲ್ಲಿ ಕಂಡ ಅಂಶ ಮನುಷ್ಯರ ‘ಡಿ’ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹೆಸರು ನಿಂತುಬಿಟ್ಟಿತ್ತು.

ಕಾರಣ ತಿಳಿದ ಮೇಲೆ ಕೂಸನ್ನು ಉಳಿಸುವ ಪ್ರಯತ್ನ. ಮೊದಲು ಬಂದದ್ದು ರಕ್ತ ಬದಲಾವಣೆ. ಅದು ಈಗಲೂ ಇದೆ. ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಸಣ್ಣ ನಳಿಕೆ ಇಳಿಸಿ, ಸಿರಿಂಜಿನಲ್ಲಿ ಐದೋ ಹತ್ತೋ ಎಂಎಲ್ ರಕ್ತ ಹೊರಗೆ ತೆಗೆದು ಅಷ್ಟೇ ನೆಗೆಟಿವ್ ರಕ್ತ ಒಳಗೆ ಬಿಡುವುದು. ತೆಗೆಯುವುದು, ಬಿಡುವುದು, ಪಕ್ಕದಲ್ಲಿ ಒಬ್ಬರು ಪ್ರತಿ ಸಲವೂ ಲೆಕ್ಕ ಬರೆಯುವುದು. ಮೂರು ಕೆಜಿಯ ಕೂಸಿಗೆ ಹೀಗೆ ಸುಮಾರು ಅರ್ಧ ಲೀಟರ್ ರಕ್ತ ಬದಲಾಗುವ ಹೊತ್ತಿಗೆ ಒಂದೆರಡು ಗಂಟೆ ಕಳೆದಿರುತ್ತದೆ. ಅಷ್ಟೂ ಹೊತ್ತು ಸಿರಿಂಜ್ ಹಿಡಿದ ಕೈ ಅವಸರಪಡುವಂತಿಲ್ಲ. ಹುಟ್ಟುವವರೆಗೂ ತಡೆಯಲಾರದ ಕೂಸುಗಳಿಗೆ ಹೊಟ್ಟೆಯೊಳಗೇ ರಕ್ತ ಕೊಡುವುದನ್ನು 1963ರಲ್ಲಿ ನ್ಯೂಜಿಲೆಂಡಿನ ವಿಲಿಯಂ ಲೈಲಿ ಸಾಧಿಸಿದರು. ಈಗ ಸ್ಕ್ಯಾನಿನ ಪರದೆ ನೋಡುತ್ತ, ತಾಯಿಯ ಹೊಟ್ಟೆಯ ಮೂಲಕ ಸೂಜಿಯನ್ನು ಹೊಕ್ಕುಳಬಳ್ಳಿಯ ರಕ್ತನಾಳಕ್ಕೇ ಇಳಿಸುತ್ತಾರೆ.

ಇಂಥ ಕೂಸುಗಳಿಗೆ ರಕ್ತ ಬರುವ ಚೀಲಕ್ಕೆ ನಮ್ಮ ದಕ್ಷಿಣದ್ದೇ ಒಂದು ಕಥೆ ಇದೆ. ಒಂದು ಕಾಲಕ್ಕೆ ರಕ್ತ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಒಡೆಯುತ್ತಿತ್ತು, ಸೋಂಕು ತಗಲುತ್ತಿತ್ತು, ಘಟಕಗಳಾಗಿ ಬೇರ್ಪಡಿಸುವುದು ಕಷ್ಟವಾಗಿತ್ತು. 1980ರ ದಶಕದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ದೇಶದಲ್ಲೇ ಪ್ಲಾಸ್ಟಿಕ್ ರಕ್ತಚೀಲ ಮಾಡುವ ತಂತ್ರಜ್ಞಾನ ರೂಪಿಸಿತು. ಅದನ್ನು ಪಡೆದು ಅದೇ ಊರಿನಲ್ಲಿ ಶುರುವಾದ ಪೆನ್‌ಪೋಲ್ ಕಾರ್ಖಾನೆ ಇಂದು ಟೆರುಮೊ ಪೆನ್‌ಪೋಲ್ ಎಂಬ ಹೆಸರಿನಲ್ಲಿದೆ. ಆಗ ಸಂಸ್ಥೆಯನ್ನು ನಡೆಸುತ್ತಿದ್ದ ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್ ಆಮೇಲೆ ಮಣಿಪಾಲದ ಕುಲಪತಿಯಾಗಿ ಬಂದು ನಮ್ಮವರೇ ಆದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ದೊಡ್ಡ ಚೀಲಕ್ಕೆ ಪುಟ್ಟ ಪುಟ್ಟ ಚೀಲಗಳನ್ನು ಜೋಡಿಸಿ, ಒಬ್ಬನೇ ದಾನಿಯ ರಕ್ತವನ್ನು ಒಂದೇ ಕೂಸಿಗೆ ಹಲವು ಸಲ ಕೊಡುವಂತಾದದ್ದು ಬಾಟಲಿ ಹೋಗಿ ಚೀಲ ಬಂದದ್ದರಿಂದ.

ಇದೆಲ್ಲ ಕಾಯಿಲೆ ಬಂದ ಮೇಲಿನ ಮಾತು. ಬಾರದಂತೆ ತಡೆಯುವ ದಾರಿಯ ಸುಳಿವು ಒಂದು ವಿಚಿತ್ರದಲ್ಲಿತ್ತು. ತಾಯಿ ‘ಓ’ ನೆಗೆಟಿವ್, ಕೂಸು ‘ಎ’ ಅಥವಾ ‘ಬಿ’ ಪಾಸಿಟಿವ್ ಆಗಿದ್ದಾಗ ಈ ಕಾಯಿಲೆ ಬರುವುದು ಬಹಳ ಕಡಿಮೆ ಎಂದು ಲೆವಿನ್ ಗಮನಿಸಿದ್ದರು. ‘ಎ’, ‘ಬಿ’ ಕಣಗಳ ವಿರುದ್ಧ ‘ಓ’ ತಾಯಿಯಲ್ಲಿ ಮೊದಲೇ ಸಿದ್ಧವಾಗಿರುವ ಪ್ರತಿಕಾಯಗಳು ಆ ಕಣಗಳನ್ನು ಬಂದ ಕೂಡಲೇ ಮುಗಿಸಿಬಿಡುತ್ತವೆ. ‘ಡಿ’ಯ ಗುರುತು ಹಿಡಿಯಲು ದೇಹಕ್ಕೆ ವ್ಯವಧಾನವೇ ಸಿಗುವುದಿಲ್ಲ. ಹಾಗಿದ್ದರೆ ಕೂಸಿನ ಕಣಗಳನ್ನು ನಾವೇ ಬೇಗ ಅಳಿಸಿಹಾಕಿದರೆ? ‘ಡಿ’ ವಿರುದ್ಧದ ಪ್ರತಿಕಾಯವನ್ನು ಹೆರಿಗೆಯಾದ ಕೂಡಲೇ ತಾಯಿಗೆ ಹೊರಗಿನಿಂದ ಕೊಟ್ಟರೆ? ಕೂಸನ್ನು ಕೊಲ್ಲುತ್ತಿದ್ದ ವಸ್ತುವನ್ನೇ ತಾಯಿಗೆ ಚುಚ್ಚುವ ಈ ಯೋಚನೆ 1960ರ ಸುಮಾರಿಗೆ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಹೊಳೆಯಿತು. ಲಿವರ್‌ಪೂಲಿನಲ್ಲಿ ಚಿಟ್ಟೆಗಳ ಅನುವಂಶೀಯತೆಯಲ್ಲಿ ಮುಳುಗಿದ್ದ ಸಿರಿಲ್ ಕ್ಲಾರ್ಕ್ ಮತ್ತು ಅವರ ಯುವ ಸಹೋದ್ಯೋಗಿ ರೊನಾಲ್ಡ್ ಫಿನ್, ನ್ಯೂಯಾರ್ಕಿನಲ್ಲಿ ಫ್ರೆಡಾ, ಗೋರ್ಮನ್ ಮತ್ತು ಪೊಲಾಕ್ ಇದರ ಹಿಂದೆ ಬಿದ್ದರು. 1968ರಲ್ಲಿ ಅಮೆರಿಕದಲ್ಲಿ ಆ ಮದ್ದಿಗೆ ಪರವಾನಗಿ ಸಿಕ್ಕಿತು. ಅದೇ ನಮ್ಮ ಆಸ್ಪತ್ರೆಗಳಲ್ಲಿ ‘ಆ್ಯಂಟಿ-ಡಿ’ ಎನ್ನುವ ಇಂಜೆಕ್ಷನ್.

ಹೆರಿಗೆಯಾಗಿ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತಾರಲ್ಲ, ಆ ಲೆಕ್ಕ ಬಂದದ್ದು ದೇಹಶಾಸ್ತ್ರದಿಂದಲ್ಲ. ನ್ಯೂಯಾರ್ಕಿನ ವೈದ್ಯರು ಸಿಂಗ್ ಸಿಂಗ್ ಜೈಲಿನ ಕೈದಿಗಳ ಮೇಲೆ ಇದನ್ನು ಪ್ರಯೋಗಿಸುವಾಗ, ಪಾಸಿಟಿವ್ ರಕ್ತ ಚುಚ್ಚಿದ ಮೇಲೆ ಮದ್ದು ಕೊಡಲು ಮತ್ತೆ ಒಳಗೆ ಹೋಗುವುದಕ್ಕೆ ಜೈಲಿನವರು ಮೂರು ದಿನದ ಅಂತರ ಇಟ್ಟಿದ್ದರು. ಮೂರು ದಿನದ ಮೇಲೂ ಮದ್ದು ಫಲಿಸಿತು, ಗಡುವು ಅಲ್ಲೇ ನಿಂತಿತು.

ಈ ಮದ್ದು ಕಾರ್ಖಾನೆಯ ರಸಾಯನದಿಂದ ಹುಟ್ಟಿದ್ದಲ್ಲ, ಮನುಷ್ಯರ ತೋಳಿನಿಂದ ಬಂದದ್ದು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್‌ಗೆ ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿತ್ತು, ಅಪರಿಚಿತರ ರಕ್ತ ಪಡೆದು ಬದುಕಿದ್ದರು. ಹದಿನೆಂಟು ತುಂಬಿದ ಕೂಡಲೇ ತಾವೂ ಕೊಡತೊಡಗಿದರು. ಅವರ ಪ್ಲಾಸ್ಮಾದಲ್ಲಿ ‘ಡಿ’ ವಿರುದ್ಧದ ಪ್ರತಿಕಾಯ ಹೇರಳವಾಗಿತ್ತು. ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ 2018ರವರೆಗೆ 1173 ಸಲ ತೋಳು ಚಾಚಿದರು. ಅವರ ದಾನದಿಂದ ಸುಮಾರು 24 ಲಕ್ಷ ಕೂಸುಗಳಿಗೆ ನೆರವಾಯಿತು ಎಂದು ಅಲ್ಲಿನ ರೆಡ್‌ಕ್ರಾಸ್ ಅಂದಾಜು ಮಾಡಿದೆ. 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಇಂಥ ದಾನಿಗಳು ಕಡಿಮೆಯಾಗುತ್ತಿರುವಾಗ ಪ್ರಯೋಗಾಲಯದ ಜೀವಕೋಶಗಳಿಂದ ಇದನ್ನು ತಯಾರಿಸಿದ ಕೆಲವೇ ಕಂಪನಿಗಳಲ್ಲಿ ಮುಂಬಯಿಯ ಭಾರತ್ ಸೀರಮ್ಸ್ ಒಂದು.

ಮದ್ದು ಬಂದು ಅರ್ಧ ಶತಮಾನ ದಾಟಿದೆ. ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಆದರೂ ಪ್ರತಿಕಾಯ ಬೆಳೆದ ತಾಯಂದಿರು ಇನ್ನೂ ಯಾಕೆ ಆಸ್ಪತ್ರೆಗೆ ಬರುತ್ತಿದ್ದಾರೆ? ನನಗೆ ತೋರುವ ಉತ್ತರ ಇದು: ಈ ಕಾಯಿಲೆಯಲ್ಲಿ ತಪ್ಪು ನಡೆಯುವ ದಿನಕ್ಕೂ ಶಿಕ್ಷೆ ಬೀಳುವ ದಿನಕ್ಕೂ ನಡುವೆ ವರ್ಷಗಳ ಅಂತರ ಇದೆ. ಊರುಗಳ ಅಂತರವೂ ಇದೆ.

ಉದಾಹರಣೆಗೆ, ಕೊಚ್ಚಿಯ ಅಂಬಲಮುಗಳ್‌ನಲ್ಲಿ ದೊಡ್ಡ ತೈಲ ಶುದ್ಧೀಕರಣ ಘಟಕ ಇದೆ. ಅಂಥಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗನೊಬ್ಬನ ಹೆಂಡತಿ ನೆಗೆಟಿವ್ ಎಂದಿಟ್ಟುಕೊಳ್ಳಿ. ಏಳು ತಿಂಗಳಿಗೆ ಸೀಮಂತ ಮಾಡಿ ತವರಿಗೆ ಕರೆತರುತ್ತಾರೆ. ಚೊಚ್ಚಲ ಹೆರಿಗೆ ತವರಿನದೇ ಅಲ್ಲವೇ. ಅಲ್ಲಿಯವರೆಗಿನ ಫೈಲು ಕೊಚ್ಚಿಯಲ್ಲಿ, ಹೆರಿಗೆ ತವರೂರಿನಲ್ಲಿ. ಏಳು ತಿಂಗಳಿಗೆ, ಅಂದರೆ 28ನೇ ವಾರದ ಹೊತ್ತಿಗೆ, ಕೊಡಬೇಕಾದ ಮೊದಲ ಆ್ಯಂಟಿ-ಡಿ ಇದೇ ಓಡಾಟದಲ್ಲಿ ಕೈತಪ್ಪುವುದು ಸುಲಭ. ಹೆರಿಗೆಯಾದ ಮೇಲಿನದ್ದು ಕೊಟ್ಟರೋ ಇಲ್ಲವೋ ಬಾಣಂತಿಗೆ ಗೊತ್ತಿರುವುದಿಲ್ಲ, ‘ಏನೋ ಇಂಜೆಕ್ಷನ್ ಕೊಟ್ಟರು’ ಎಂದಷ್ಟೇ ನೆನಪು. ಮೂರು ವರ್ಷದ ಮೇಲೆ ಎರಡನೆಯದು ಕೊಚ್ಚಿಯಲ್ಲಿ. ಅಲ್ಲಿನ ವೈದ್ಯೆ ಕೇಳುತ್ತಾರೆ, ಹಿಂದಿನ ಸಲ ಆ್ಯಂಟಿ-ಡಿ ಆಗಿತ್ತೇ? ಉತ್ತರ ಇರಬೇಕಾದ ಚೀಟಿ ತವರಿನ ಬೀರುವಿನಲ್ಲಿ ಎಲ್ಲೋ.

ಗಡಿಯ ಕನ್ನಡಿಗರಿಗೆ ಈ ಅಂತರ ಇನ್ನೂ ಚೆನ್ನಾಗಿ ಗೊತ್ತು. ಕಾಸರಗೋಡಿನ ಕಡೆಯ ಅದೆಷ್ಟೋ ಬಸುರಿಯರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ರೋಗಿಗಳ ಆಂಬುಲೆನ್ಸ್‌ಗಳು ತಿರುಗಿ ಹೋದವು, ವಿಷಯ ಕೇರಳ ಹೈಕೋರ್ಟಿನವರೆಗೆ ಹೋಯಿತು. ಮೂರು ದಿನದ ಗಡುವಿನ ಮದ್ದು ಗಡಿಯಾಚೆ ಇದ್ದರೆ ಏನಾಗುತ್ತದೆ ಎಂದು ಆಗ ಅರ್ಥವಾಗಬೇಕಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಲೆಕ್ಕಕ್ಕೇ ಸಿಗದ ಬಸಿರುಗಳು. ಮನೆಯವರಿಗೂ ಹೇಳದೆ ಕಳೆದುಕೊಂಡ, ಅಥವಾ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಮುಗಿಸಿದ ಬಸಿರು. ‘ಇದೇ ಮೊದಲನೆಯದಾ?’ ಎಂದು ಅತ್ತೆಯ ಎದುರಿಗೆ ಕೇಳಿದರೆ ಆ ಹುಡುಗಿ ಹೌದೆನ್ನದೆ ಇನ್ನೇನು ಹೇಳಿಯಾಳು? ಮೊದಲ 12 ವಾರದೊಳಗೆ ಗರ್ಭಪಾತವಾದರೆ ಆ್ಯಂಟಿ-ಡಿ ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ಅನೇಕ ವೈದ್ಯರು ಆಗಲೂ ಕೊಡುವುದೇ ಕ್ಷೇಮ ಎನ್ನುತ್ತಾರೆ. ಆದರೆ ಸ್ಕ್ಯಾನ್ ಇಲ್ಲದೆ ಗುಟ್ಟಾಗಿ ಮುಗಿದ ಬಸಿರು 9 ವಾರದ್ದೋ 14 ವಾರದ್ದೋ ಯಾರು ಹೇಳಬೇಕು? ದಾಖಲೆಯ ಪ್ರಕಾರ ಚೊಚ್ಚಲ, ದೇಹದ ಪ್ರಕಾರ ಎರಡನೆಯದು. ಅದಕ್ಕೇ ತಪಾಸಣೆಯ ಕೋಣೆಯಲ್ಲಿ ಒಂದೆರಡು ನಿಮಿಷವಾದರೂ ಆಕೆಯನ್ನು ಒಬ್ಬಳೇ ಮಾತಾಡಿಸಬೇಕು. ಇದಕ್ಕೆ ಯಾವ ಯಂತ್ರವೂ ಬೇಡ.

ಪ್ರತಿಕಾಯ ಹುಟ್ಟಿದೆಯೇ ಎಂದು ತಿಳಿಯಲು ಐಸಿಟಿ ಎಂಬ ಪರೀಕ್ಷೆ ಇದೆ. 1945ರಲ್ಲಿ ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್ ಮತ್ತು ಜೊತೆಗಾರರು ಕಂಡುಹಿಡಿದದ್ದು. ಅದು ನೆಗೆಟಿವ್ ಬಂದರೆ ಆ್ಯಂಟಿ-ಡಿ ಕೆಲಸ ಮಾಡುತ್ತದೆ. ಪಾಸಿಟಿವ್ ಬಂದರೆ ಮದ್ದಿನ ಕಾಲ ಮುಗಿಯಿತು. ಪ್ರತಿಕಾಯ ಒಮ್ಮೆ ಹುಟ್ಟಿದ ಮೇಲೆ ಅಳಿಸುವ ಮದ್ದು ಇಲ್ಲ. ಆಮೇಲೆ ಸ್ಕ್ಯಾನಿನಲ್ಲಿ ಕೂಸಿನ ಮೆದುಳಿನ ರಕ್ತನಾಳದ ಹರಿವಿನ ವೇಗ ಅಳೆಯುತ್ತ, ರಕ್ತ ತೆಳ್ಳಗಾಗಿದೆಯೇ ಎಂದು ಕಾಯುತ್ತ ಕೂರಬೇಕು.

ರಕ್ತದ ಗುರುತುಗಳು ‘ಡಿ’ ಒಂದರಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಕೋಲಾರವೇ ಸಾಕ್ಷಿ. ಅಲ್ಲಿನ ಜಾಲಪ್ಪ ಆಸ್ಪತ್ರೆಗೆ ಹೃದಯದ ಶಸ್ತ್ರಚಿಕಿತ್ಸೆಗೆಂದು ಬಂದ ‘ಓ’ ಪಾಸಿಟಿವ್ ಮಹಿಳೆಯೊಬ್ಬರಿಗೆ ಯಾವ ‘ಓ’ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರ ಅವರ ಮನೆಯ ಇಪ್ಪತ್ತು ಮಂದಿಯ ರಕ್ತ ನೋಡಿದರೂ ಒಂದೂ ಹೊಂದಲಿಲ್ಲ. ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಕಳಿಸಿ ತಿಂಗಳುಗಟ್ಟಲೆ ಹುಡುಕಿದ ಮೇಲೆ ಹೊಸದೇ ಗುರುತೊಂದು ಸಿಕ್ಕಿತು. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಅದನ್ನು ‘ಸಿಆರ್‌ಐಬಿ’ ಎಂದು ಪ್ರಕಟಿಸಿದರು. ಕೊನೆಯ ಎರಡಕ್ಷರ ಇಂಡಿಯಾ ಮತ್ತು ಬೆಂಗಳೂರಿನವು. ಅಷ್ಟು ಸೂಕ್ಷ್ಮ ಗುರುತು ಹುಡುಕುವ ಶಕ್ತಿ ನಮ್ಮ ರಾಜ್ಯದಲ್ಲಿ ಇದೆ. ಒಂದು ಬಿಳಿ ಟೈಲು ಮತ್ತು ಮೂರು ಹನಿಗಳಲ್ಲಿ ತಿಳಿಯುವ ಗುರುತನ್ನು ನಾವು ತಪ್ಪಿಸಿಕೊಳ್ಳಬಾರದು.

ಆದ್ದರಿಂದ ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ತಾಯಿ ಕಾರ್ಡ್ ತೆಗೆದು ರಕ್ತದ ಗುಂಪಿನ ಜಾಗ ನೋಡಿ. ಖಾಲಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ನೆಗೆಟಿವ್ ಎಂದಿದ್ದರೆ ಐಸಿಟಿ ಆಯಿತೇ, ಏಳು ತಿಂಗಳ ಆ್ಯಂಟಿ-ಡಿ ಯಾವಾಗ ಎಂದು ನೀವೇ ಬಾಯಿಬಿಟ್ಟು ಕೇಳಿ. ಬಸಿರಿನಲ್ಲಿ ರಕ್ತ ಕಂಡರೆ, ಬಿದ್ದು ಹೊಟ್ಟೆಗೆ ಪೆಟ್ಟಾದರೆ, ಬಸಿರು ನಿಲ್ಲದೆ ಹೋದರೆ, ಆಗಲೂ ಹೇಳಿ. ಹೆರಿಗೆಯಾದ ಮೇಲೆ ಕೂಸಿನ ಗುಂಪು ನೋಡಿದರೇ ಎಂದು ವಿಚಾರಿಸಿ. ಇಂಜೆಕ್ಷನ್ ಕೊಟ್ಟ ದಿನವನ್ನು ಕಾರ್ಡಿನಲ್ಲಿ ಬರೆಸಿ, ಫೋನಿನಲ್ಲಿ ಒಂದು ಫೋಟೊ ಇಟ್ಟುಕೊಳ್ಳಿ. ಮೂರು ದಿನ ಕಳೆದುಹೋಗಿದ್ದರೂ ಕೈಚೆಲ್ಲಬೇಡಿ, ಆಸ್ಪತ್ರೆಗೆ ಹೋಗಿ. ಹತ್ತು ದಿನದವರೆಗೂ, ಬೇಕಾದರೆ 28 ದಿನದವರೆಗೂ ಕೊಡುವುದುಂಟು.